ಕತ್ರಿನಾ ಅವರೇ, ತಮ್ಮನ್ನು ದೋಷಮುಕ್ತಗೊಳಿಸಲಾಗಿದೆ

ಇವರಿಗೆ,
ಶ್ರೀಮತಿ ಕತ್ರಿನಾ,
ನಿವೃತ್ತ ಚಂಡಮಾರುತ,
ಮೆಕ್ಸಿಕೊ ಕೊಲ್ಲಿ.

ವಿಷಯ: ನ್ಯೂ ಓರ್ಲಿಯನ್ಸ್ ನಗರದ ಹಳೆಯ ಬಡಾವಣೆಗಳನ್ನು ಹಾಳುಗೆಡವಿದ ಆರೋಪದಿಂದ ತಮ್ಮನ್ನು ಕೈಬಿಡುವ ಬಗ್ಗೆ.
ಉಲ್ಲೇಖ: ದಿನಾಂಕ 29-08-2005ರ ಸೋಮವಾರ ಬೆಳಿಗ್ಗೆ ತಾವು ಕೊಟ್ಟ ಭೇಟಿ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಾವು ಬಂದು ಹೋಗಿ ಎರಡು ದಶಕ ಕಳೆದರೂ ತಮ್ಮ ಮೇಲಿನ ಮೊಕದ್ದಮೆ ಇನ್ನೂ ಇತ್ಯರ್ಥವಾಗಿಲ್ಲ. ಸಾಕ್ಷ್ಯಚಿತ್ರ ತೆಗೆದವರು, ಪ್ರವಾಸಿ ಕೈಪಿಡಿ ಬರೆದವರು, ವರ್ಷವರ್ಷವೂ ಆಗಸ್ಟ್ ಕೊನೆಗೆ ಭಾಷಣ ಮಾಡುವವರು ಎಲ್ಲರೂ ಹೇಳುವುದು ಒಂದೇ: ಕತ್ರಿನಾ ನ್ಯೂ ಓರ್ಲಿಯನ್ಸ್ ನಗರವನ್ನು ನಾಶ ಮಾಡಿತು. ಕಡತವನ್ನು ಮೊದಲಿನಿಂದ ಕೊನೆಯವರೆಗೆ ಓದಿ ನೋಡಿದರೆ ಆರೋಪಿಯ ಸ್ಥಾನದಲ್ಲಿ ತಮ್ಮೊಬ್ಬರನ್ನೇ ನಿಲ್ಲಿಸಿರುವುದು ಅನ್ಯಾಯವೆಂದು ಕಂಡುಬಂದಿದೆ. ವಿಶ್ವ ಹವಾಮಾನ ಸಂಸ್ಥೆಯವರು 2006ರಲ್ಲೇ ತಮ್ಮ ಹೆಸರನ್ನು ಹಾಜರಿ ಪಟ್ಟಿಯಿಂದ ತೆಗೆದು, ಖಾಲಿಯಾದ ಜಾಗಕ್ಕೆ ಕಟಿಯಾ ಎಂಬವರನ್ನು ನೇಮಿಸಿದ್ದಾರೆ. ವಿಚಾರಣೆಯಿಲ್ಲದೆ ಕಡ್ಡಾಯ ನಿವೃತ್ತಿ, ಅದೂ ಪಿಂಚಣಿಯಿಲ್ಲದೆ. ಆದ್ದರಿಂದ ಈ ಪತ್ರ.

ಮೊದಲು ತಮ್ಮ ಸೇವಾವಿವರ. 2005ರ ಆಗಸ್ಟ್ 23ರಂದು ಬಹಾಮಾ ದ್ವೀಪಗಳ ಬಳಿ ಜನನ. 25ರಂದು ಫ್ಲಾರಿಡಾದಲ್ಲಿ ಪ್ರೊಬೇಷನ್. 28ರಂದು ಕೊಲ್ಲಿಯ ಬಿಸಿನೀರು ಕುಡಿದು ಐದನೇ ದರ್ಜೆಗೆ ಬಡ್ತಿ. ಮರುದಿನ ಬೆಳಿಗ್ಗೆ ಲೂಸಿಯಾನಾದ ಬ್ಯೂರಾಸ್ ಎಂಬಲ್ಲಿ ದಡ ಮುಟ್ಟುವಾಗ ಮೂರನೇ ದರ್ಜೆಗೆ ಇಳಿದಿದ್ದಿರಿ. ಅದರ ಮೇಲೆ ನಗರವು ತಮ್ಮ ಎಡಗಡೆಗೆ, ಎಂದರೆ ಬಿರುಸು ಕಡಿಮೆಯಿರುವ ಮಗ್ಗುಲಿಗೆ ಬಿತ್ತು. ಬಲಗಡೆಗೆ ಬಿದ್ದ ಮಿಸಿಸಿಪ್ಪಿ ರಾಜ್ಯದ ಕಡಲತೀರದಲ್ಲಿ ತಾವು ಎಬ್ಬಿಸಿದ ನೀರು 27 ಅಡಿಗೂ ಮಿಕ್ಕಿ ಏರಿತ್ತು. ಬಿಲಾಕ್ಸಿ, ಪಾಸ್ ಕ್ರಿಶ್ಚಿಯನ್, ಬೇ ಸೇಂಟ್ ಲೂಯಿಸ್ ಊರುಗಳಲ್ಲಿ ಕಡಲಿಗೆ ಮುಖ ಮಾಡಿ ನಿಂತಿದ್ದ ಹತ್ತೊಂಬತ್ತನೇ ಶತಮಾನದ ಮನೆಗಳ ಸಾಲುಗಳು ಅಡಿಪಾಯ ಬಿಟ್ಟು ಉಳಿದದ್ದೆಲ್ಲ ಹೋದವು. ಆ ಪ್ರಕರಣ ಬೇರೆ, ಅದರಲ್ಲಿ ತಮ್ಮ ಮೇಲಿನ ಆರೋಪ ನಿಲ್ಲುತ್ತದೆ. ಈ ಪತ್ರ ನ್ಯೂ ಓರ್ಲಿಯನ್ಸ್‌ಗೆ ಮಾತ್ರ ಅನ್ವಯ.

ನಗರದ ಅತ್ಯಂತ ಹಳೆಯ ಭಾಗ ಫ್ರೆಂಚ್ ಕ್ವಾರ್ಟರ್. ಅಲ್ಲಿ ನಡೆದ ಮಹಜರಿನ ಪ್ರಕಾರ ತಾವು ಹಾರಿಸಿದ್ದು ಒಂದಿಷ್ಟು ಹಂಚು, ಮುರಿದದ್ದು ಒಂದಿಷ್ಟು ಬಾಲ್ಕನಿ, ಉರುಳಿಸಿದ್ದು ಸೇಂಟ್ ಲೂಯಿಸ್ ಕ್ಯಾಥೆಡ್ರಲ್‌ನ ಹಿತ್ತಲಿನ ಓಕ್ ಮರಗಳು. ಆ ಮರಗಳು ಬೀಳುವ ಹೊತ್ತಿಗೆ ಅಲ್ಲಿದ್ದ ಯೇಸುವಿನ ಅಮೃತಶಿಲೆಯ ಮೂರ್ತಿಯ ಹೆಬ್ಬೆರಳೂ ತೋರುಬೆರಳೂ ಮುರಿದುಹೋದವು. ಯಾರ ಕಡೆಗೂ ಬೆರಳು ತೋರಿಸುವುದು ಬೇಡ ಎಂಬ ಸೂಚನೆಯನ್ನು ತಾವು ಅಂದೇ ಕೊಟ್ಟಿದ್ದಿರಿ, ಜನರಿಗೆ ತಿಳಿಯಲಿಲ್ಲ. ಬೂರ್ಬನ್ ಬೀದಿಯ ಒಂದು ಹೆಂಡದಂಗಡಿ ತಾವು ಊರಲ್ಲಿರುವಾಗಲೂ ಬಾಗಿಲು ಹಾಕಲಿಲ್ಲ. ಅಕ್ಟೋಬರ್ ಮುಗಿಯುವ ಮುಂಚೆ ಕೆಫೆ ಡು ಮಾಂಡ್‌ನಲ್ಲಿ ಕಾಫಿಯೂ ಸಕ್ಕರೆಪುಡಿ ಉದುರಿಸಿದ ಬೆನ್ಯೇ ಎಂಬ ತಿಂಡಿಗಳೂ ಸಿಗತೊಡಗಿದವು.

ಈ ಹಳೆಪೇಟೆ ಒಣಗಿಯೇ ಉಳಿದದ್ದಕ್ಕೆ ಪವಾಡ ಕಾರಣವಲ್ಲ, ಮಣ್ಣು ಕಾರಣ. ನಮ್ಮಲ್ಲಿ ಹೊಳೆಯ ಪಕ್ಕವೆಂದರೆ ತಗ್ಗು. ಅಲ್ಲಿ ತಿರುಗುಮುರುಗು. ಮಿಸಿಸಿಪ್ಪಿ ಉಕ್ಕಿ ಹರಿದಾಗಲೆಲ್ಲ ಹೊತ್ತು ತಂದ ಮಣ್ಣನ್ನು ದಡದಲ್ಲೇ ಹೆಚ್ಚು ಸುರಿಯುತ್ತದೆ. ಹಾಗಾಗಿ ಹೊಳೆಯ ಅಂಚೇ ದಿಬ್ಬ, ದೂರ ಸರಿದಷ್ಟೂ ಇಳಿಜಾರು, ಅದರಾಚೆ ಸೈಪ್ರೆಸ್ ಮರಗಳ ಜೌಗು. 1718ರಲ್ಲಿ ಬಿಯೆನ್‌ವಿಲ್ ಊರು ಕಟ್ಟಿದ್ದು ಆ ದಿಬ್ಬದ ಮೇಲೆ. ಊರಿಗೆ ನಾಲ್ಕು ವರ್ಷ ತುಂಬಿದಾಗ, 1722ರ ಸೆಪ್ಟೆಂಬರಿನಲ್ಲಿ, ತಮ್ಮ ಪೂರ್ವಿಕರೊಬ್ಬರು ಬಂದು ಅಡ್ಡಾದಿಡ್ಡಿ ಕಟ್ಟಿಕೊಂಡಿದ್ದ ಮನೆಗಳಲ್ಲಿ ಬಹುಪಾಲನ್ನು ಕೆಡವಿ ಹೋದರು. ಎಂಜಿನಿಯರ್ ಪೋಜೆ ಆಗಲೇ ಎಳೆದಿಟ್ಟಿದ್ದ ಚೌಕಳಿ ಬೀದಿಗಳ ನಕ್ಷೆಗೆ ಜಾಗ ತೆರವಾಯಿತು. ಒತ್ತುವರಿ ತೆರವಿಗೆ ಅಷ್ಟು ದಕ್ಷ ಅಧಿಕಾರಿ ಆಮೇಲೆ ಆ ಊರಿಗೆ ಸಿಕ್ಕಿದಂತಿಲ್ಲ. 1788 ಮತ್ತು 1794ರ ಬೆಂಕಿ ಉಳಿದದ್ದನ್ನು ಸುಟ್ಟಿತು. ಇವತ್ತು ಫ್ರೆಂಚ್ ಎಂದು ತೋರಿಸುವ ಪೇಟೆಯ ಗೋಡೆ, ಅಂಗಳ, ಕಮಾನುಗಳಲ್ಲಿ ಹೆಚ್ಚಿನವು ಸ್ಪೇನಿನವರು ಆಳುತ್ತಿದ್ದಾಗ ಮತ್ತು ಅದರ ನಂತರ ಎದ್ದವು. ಹೀಗೆ ಗಾಳಿ, ಬೆಂಕಿ, ನೀರು ಮೂರನ್ನೂ ಕಂಡ ಜಾಗ ಅದು. ತಮ್ಮನ್ನು ನೋಡಿ ಅದು ಹೆದರಬೇಕಾದ ಕಾರಣವಿರಲಿಲ್ಲ.

ಹೆದರಬೇಕಾಗಿದ್ದುದು ಇಪ್ಪತ್ತನೇ ಶತಮಾನ. 1913ರ ಹೊತ್ತಿಗೆ ಬಾಲ್ಡ್ವಿನ್ ವುಡ್ ಎಂಬ ಎಂಜಿನಿಯರ್ ಭಾರೀ ಪಂಪುಗಳನ್ನು ರೂಪಿಸಿದರು. ಜೌಗಿನ ನೀರು ಖಾಲಿಯಾಯಿತು, ನಿವೇಶನಗಳು ಮಾರಾಟವಾದವು. ನೀರು ಬಸಿದ ಜೌಗುಮಣ್ಣು ಕುಗ್ಗುತ್ತ ಕುಸಿಯುತ್ತ, ಶತಮಾನ ಮುಗಿಯುವಷ್ಟರಲ್ಲಿ ಊರಿನ ಅರ್ಧದಷ್ಟು ಭಾಗ ಸಮುದ್ರಮಟ್ಟಕ್ಕಿಂತ ಕೆಳಗೆ ಕೂತಿತ್ತು. 2005ರಲ್ಲಿ ನಗರದ ಶೇ. 80 ಭಾಗ ಮುಳುಗಿತು. ಮುಳುಗದೆ ಉಳಿದ ನೆಲದ ಗೆರೆಯನ್ನು ನಕ್ಷೆಯ ಮೇಲೆ ಎಳೆದರೆ ಅದು ಹತ್ತೊಂಬತ್ತನೇ ಶತಮಾನದ ಊರಿನ ಎಲ್ಲೆಯ ಹತ್ತಿರಹತ್ತಿರ ಹೋಗುತ್ತದೆ. ಟ್ರಾಮುಗಳ ಗತಿಯೂ ಹಾಗೆಯೇ ಆಯಿತು. 1920ರ ದಶಕದ ಹಸಿರು ಬೋಗಿಗಳು ಎತ್ತರದ ಶೆಡ್ಡಿನಲ್ಲಿದ್ದು ಬದುಕಿದವು, ಹೊಸದಾಗಿ ಮಾಡಿಸಿದ ಕೆನಾಲ್ ಬೀದಿಯ ಕೆಂಪು ಬೋಗಿಗಳು ಮುಳುಗಿದವು. ಕಡೆಗೆ ಅಜ್ಜಂದಿರೇ ಮೊಮ್ಮಕ್ಕಳ ಮಾರ್ಗದಲ್ಲಿ ಓಡಾಡಿ ಡ್ಯೂಟಿ ಮಾಡಬೇಕಾಯಿತು.

ಹಳೆಯ ಬಡಾವಣೆಗಳೆಲ್ಲ ಒಣಗಿದ್ದವು ಎಂದೇನೂ ನಾನು ವಾದಿಸುತ್ತಿಲ್ಲ. ಟ್ರೆಮೆಯ ಹಿಂಭಾಗ, ಮಿಡ್ ಸಿಟಿ, ಬ್ರಾಡ್‌ಮೂರ್, ಹೋಲಿ ಕ್ರಾಸ್ ಇವೆಲ್ಲಕ್ಕೂ ನೀರು ನುಗ್ಗಿತು. ಆದರೆ ಅಲ್ಲಿನ ಮನೆಗಳಿಗೆ ನೀರಿನ ಪರಿಚಯವಿತ್ತು. ಒಂದರ ಹಿಂದೊಂದು ಕೋಣೆಯಿರುವ ಉದ್ದನೆಯ ಶಾಟ್‌ಗನ್ ಮನೆಗಳು, ಬೀದಿಗೇ ಬಾಗಿಲು ತೆರೆಯುವ ಕ್ರಿಯೋಲ್ ಕಾಟೇಜುಗಳು ಇಟ್ಟಿಗೆಯ ಮೋಟುಗಂಬಗಳ ಮೇಲೆ ನೆಲದಿಂದ ಎತ್ತರದಲ್ಲಿ ನಿಂತಿದ್ದವು. ಗೋಡೆಗೆ ಜೌಗಿನಲ್ಲೇ ಬೆಳೆದ ಹಳೆಯ ಸೈಪ್ರೆಸ್‌ನ ಚೇಗು, ಕೆಲವು ಕಡೆ ಹೊಳೆಯಲ್ಲಿ ಸರಕು ತಂದ ದೋಣಿಗಳನ್ನು ಬಿಚ್ಚಿದ ಹಲಗೆ, ಒಳಗಡೆ ಮರದ ಪಟ್ಟಿಯ ಮೇಲೆ ಸುಣ್ಣದ ಗಾರೆ. ನೀರು ಇಳಿದ ಮೇಲೆ ಕಿಟಕಿ ಬಾಗಿಲು ತೆರೆದಿಟ್ಟರೆ ಇಂಥ ಮನೆ ಒಣಗುತ್ತದೆ. ಒಣಗದೆ ಬೂಷ್ಟು ಹಿಡಿದು ಮೆತ್ತಗಾದದ್ದು ಹೊಸಮನೆಗಳ ಜಿಪ್ಸಂ ಹಲಗೆಯ ಗೋಡೆ. ಜೆಂಟಿಲಿ, ಲೇಕ್‌ವ್ಯೂ ಕಡೆ ಯುದ್ಧದ ನಂತರ ಬಂದ ಎಷ್ಟೋ ಮನೆಗಳು ನೆಲಕ್ಕೇ ಹಾಸಿದ ಕಾಂಕ್ರೀಟಿನ ಮೇಲೆ ಕೂತಿದ್ದವು. ಅವಕ್ಕೆ ನೀರು ಬರುತ್ತದೆ ಎಂದು ಯಾರೂ ಹೇಳಿರಲಿಲ್ಲ.

ಅಲ್ಲಿನ ಜನರಿಗೆಲ್ಲ ಹೇಳಿದ್ದು ನೀರು ತಡೆಯುವ ಏರಿ ಭದ್ರವಾಗಿದೆ ಎಂದು. ತಮ್ಮ ಮೇಲಿನ ಮುಖ್ಯ ಆರೋಪ ಕುಸಿಯುವುದು ಇಲ್ಲಿಯೇ. 17ನೇ ಬೀದಿಯ ಕಾಲುವೆಯ ಗೋಡೆಯೂ ಲಂಡನ್ ಅವೆನ್ಯೂ ಕಾಲುವೆಯ ಗೋಡೆಯೂ ನೀರು ಮೇಲೆ ಹತ್ತಿ ಹರಿಯುವ ಮೊದಲೇ, ವಿನ್ಯಾಸದಲ್ಲಿ ಹೇಳಿದ್ದ ಮಟ್ಟಕ್ಕಿಂತ ಕಡಿಮೆ ನೀರಿಗೇ ಬುಡ ಬಿಟ್ಟವು. ಇಂಡಸ್ಟ್ರಿಯಲ್ ಕಾಲುವೆಯ ಗೋಡೆ ಒಡೆದು ಲೋವರ್ ನೈನ್ತ್ ವಾರ್ಡಿನ ಮನೆಗಳು ಬುಡಸಮೇತ ಕೊಚ್ಚಿಹೋದವು. ನಗರದ ಸುತ್ತಮುತ್ತ ಏರಿ ಒಡೆದ ಜಾಗಗಳ ಲೆಕ್ಕ ಐವತ್ತು ದಾಟಿತು. ಏರಿ ಕಟ್ಟಿದ್ದ ಸೇನೆಯ ಎಂಜಿನಿಯರುಗಳ ಮುಖ್ಯಸ್ಥರೇ 2006ರ ಜೂನ್‌ನಲ್ಲಿ ತಪ್ಪು ತಮ್ಮ ಇಲಾಖೆಯದೆಂದು ಒಪ್ಪಿಕೊಂಡರು. ಒಪ್ಪಿಕೊಂಡ ಮೇಲೆ ಶಿಕ್ಷೆಯಾಯಿತೇ ಎಂದು ತಾವು ಕೇಳಬಹುದು. ಪ್ರವಾಹತಡೆ ಕಾಮಗಾರಿಯಿಂದಾದ ನಷ್ಟಕ್ಕೆ ಸರ್ಕಾರ ಹೊಣೆಯಲ್ಲ ಎಂಬ 1928ರ ಕಾನೂನೊಂದಿತ್ತು. ಕಾಲುವೆಗಳ ದಾವೆ 2008ರಲ್ಲಿ ಅದರ ಅಡಿಯಲ್ಲೇ ವಜಾ ಆಯಿತು. ಕೊಲ್ಲಿಯಿಂದ ಊರಿಗೆ ಹಡಗು ಬರಲೆಂದು ತೋಡಿದ ಕಾಲುವೆಯ ವಿಷಯದಲ್ಲಿ ಇಲಾಖೆಯ ನಿರ್ಲಕ್ಷ್ಯವಿದೆ ಎಂದು 2009ರಲ್ಲಿ ಒಬ್ಬ ನ್ಯಾಯಾಧೀಶರು ತೀರ್ಪಿತ್ತರು. 2012ರಲ್ಲಿ ಮೇಲಿನ ನ್ಯಾಯಾಲಯ ಅದನ್ನೂ ತಳ್ಳಿಹಾಕಿತು. ಹೀಗೆ ಎಲ್ಲರಿಗೂ ರಕ್ಷಣೆ ಸಿಕ್ಕಿ, ವಕೀಲರನ್ನಿಡಲು ಗತಿಯಿಲ್ಲದ ತಾವೊಬ್ಬರೇ ಕಟಕಟೆಯಲ್ಲಿ ಉಳಿದಿರಿ.

ತಮ್ಮ ಹಾದಿಯಲ್ಲಿ ಸತ್ತವರು 1,300ಕ್ಕೂ ಹೆಚ್ಚು. ಈ ಪತ್ರದಲ್ಲಿ ನಗೆಯಾಡದ ಸಾಲು ಅದೊಂದೇ.

ಅಕ್ಟೋಬರ್ 11ಕ್ಕೆ ಊರಿನ ನೀರು ಪೂರ್ತಿ ಬಸಿದು ಮುಗಿಯಿತು. ಅಲ್ಲಿಗೆ ಮನೆಗಳ ಕಷ್ಟ ತೀರಿತೆಂದು ತಿಳಿದರೆ ತಮಗೆ ಸರ್ಕಾರಿ ಅನುಭವ ಸಾಲದು. ನೀರು ಇಳಿದ ಜಾಗಕ್ಕೆ ಕಾಗದ ಏರತೊಡಗಿತು. ಮೊದಲು ಬಂದದ್ದು ಕೆಂಪು ಚೀಟಿ. ಕುಸಿಯುವ ಅಪಾಯವಿದೆಯೆಂದು ಪಟ್ಟಿ ಮಾಡಿದ ಮನೆಗಳನ್ನು ನೆಲಸಮ ಮಾಡುವ ಯೋಚನೆ ನಗರಾಡಳಿತಕ್ಕಿತ್ತು. ಮಾಲೀಕರು ಎಲ್ಲಿದ್ದರು? ಹ್ಯೂಸ್ಟನ್ನಿನಲ್ಲಿ, ಅಟ್ಲಾಂಟಾದಲ್ಲಿ, ನೆಂಟರ ಮನೆಯ ಸೋಫಾದ ಮೇಲೆ. ಅವರಿಗೆ ತಿಳಿಸದೆ ಕೆಡವುವುದು ಸರಿಯೇ ಎಂದು ಜನ ಕೋರ್ಟಿಗೆ ಹೋದ ಮೇಲೆ, 2006ರ ಜನವರಿಯಲ್ಲಿ, ನೋಟಿಸು ಕೊಟ್ಟೇ ಕೆಡವುತ್ತೇವೆಂದು ನಗರ ಒಪ್ಪಿತು. ನೋಟಿಸನ್ನು ಕಳಿಸುವುದು ಯಾವ ವಿಳಾಸಕ್ಕೆ ಎಂಬುದು ಆಮೇಲಿನ ಪ್ರಶ್ನೆ. ಮುಂದಿನ ವರ್ಷಗಳಲ್ಲೂ ಪಟ್ಟಿಗಳು ಬರುತ್ತಲೇ ಇದ್ದವು. ರಿಪೇರಿ ನಡೆದಿರುವ ಮನೆಯೂ ಪಟ್ಟಿಯಲ್ಲಿ ಕಾಣಿಸಿಕೊಂಡು, ಹೊಸ ಬಣ್ಣ ಬಳಿದ ಗೋಡೆಯ ಮುಂದೆ ಮಾಲೀಕ ನಿಂತು ಮನೆ ಇರುವುದನ್ನು ಸಾಬೀತುಪಡಿಸಬೇಕಾದ ಪ್ರಸಂಗಗಳು ನಡೆದವು.

ಚೀಟಿಯ ನಂತರ ಬಂದದ್ದು ಚುಕ್ಕಿ. ಊರನ್ನು ಮತ್ತೆ ಕಟ್ಟುವ ಆಯೋಗದ ಯೋಜನೆಯ ನಕ್ಷೆ 2006ರ ಜನವರಿ 11ರಂದು ಅಲ್ಲಿನ ಪತ್ರಿಕೆಯ ಮುಖಪುಟದಲ್ಲಿ ಬಂತು. ಅದರಲ್ಲಿ ಕೆಲವು ಬಡಾವಣೆಗಳ ಮೇಲೆ ದುಂಡನೆಯ ಹಸಿರು ಚುಕ್ಕಿಗಳು. ಅರ್ಥ, ಇಲ್ಲಿ ಮುಂದೆ ಉದ್ಯಾನ ಮಾಡಬಹುದು. ತಾವು ಐದನೇ ದರ್ಜೆಯಲ್ಲಿದ್ದಾಗಲೂ ಒಂದು ಇಡೀ ಬಡಾವಣೆಯನ್ನು ಪೆನ್ನಿನ ಒಂದೇ ಒತ್ತಿಗೆ ಹುಲ್ಲು ಮಾಡುವ ಶಕ್ತಿ ತಮಗಿರಲಿಲ್ಲ. ಒಂದು ಚುಕ್ಕಿ ಬಿದ್ದದ್ದು ಬ್ರಾಡ್‌ಮೂರ್ ಮೇಲೆ. ಹಿಂದೊಮ್ಮೆ ಕೆರೆಯಿದ್ದ ಬಟ್ಟಲಿನಂಥ ತಗ್ಗು ಅದು, ಚುಕ್ಕಿ ಇಟ್ಟವರ ತರ್ಕ ಮಣ್ಣಿನ ಲೆಕ್ಕದಲ್ಲಿ ಪೂರ್ತಿ ಸುಳ್ಳೂ ಅಲ್ಲ. ಆದರೆ ರಾಷ್ಟ್ರೀಯ ಪಾರಂಪರಿಕ ಪಟ್ಟಿಯಲ್ಲಿದ್ದ, ಕರಿಯರೂ ಬಿಳಿಯರೂ ಕೂಡಿ ಬಾಳುತ್ತಿದ್ದ ಆ ಬಡಾವಣೆಯವರನ್ನು ಯಾರೂ ಕೇಳಿರಲಿಲ್ಲ. ಸಿಟ್ಟಿಗೆದ್ದ ಜನ ಸಭೆ ಸೇರಿದರು, ಬೀದಿಬೀದಿಗೊಬ್ಬರು ಲೆಕ್ಕ ಹಿಡಿದರು, ಹಾರ್ವರ್ಡ್‌ನ ವಿದ್ಯಾರ್ಥಿಗಳನ್ನು ಕರೆಸಿಕೊಂಡು ತಮ್ಮದೇ ಯೋಜನೆ ಬರೆದರು. ಶಾಲೆ 2010ರಲ್ಲಿ, ಗ್ರಂಥಾಲಯ 2012ರಲ್ಲಿ ಮತ್ತೆ ತೆರೆದವು. ಚುಕ್ಕಿ ಅಳಿಸಿಹೋಯಿತು. ಇದರಿಂದ ತಿಳಿಯುವುದೆಂದರೆ ಸಿಟ್ಟಿಗೂ ಸಮಯ, ಫೋನು, ವಾಪಸು ಬರಲು ಬಸ್ ಚಾರ್ಜು ಬೇಕು. ಅವಿಲ್ಲದ ಬಡಾವಣೆಗಳ ಚುಕ್ಕಿ ನಕ್ಷೆಯಿಂದ ಹೋದರೂ ನೆಲದಿಂದ ಹೋಗಲಿಲ್ಲ.

ಅದಕ್ಕೆ ಕಾರಣ ಮೂರನೆಯ ಕಾಗದ, ರೋಡ್ ಹೋಮ್ ಎಂಬ ಪರಿಹಾರ ಯೋಜನೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಲೊಲ್ಲ ಎಂಬ ಮಾತು ತಮಗೆ ಗೊತ್ತಿಲ್ಲದಿರಬಹುದು. ದೆಹಲಿಯ ಹಾಗೆ ಅಲ್ಲಿ ವಾಷಿಂಗ್ಟನ್ ಇದೆ, ಅದು ಸಾವಿರಾರು ಕೋಟಿ ಕೊಟ್ಟಿತು. ಒಂದು ಮನೆಗೆ ಹೆಚ್ಚೆಂದರೆ ಒಂದೂವರೆ ಲಕ್ಷ ಡಾಲರ್. ಲೆಕ್ಕ ಹಾಕುವ ಕ್ರಮ ಮಾತ್ರ ಹೀಗಿತ್ತು: ಮನೆಯನ್ನು ಮತ್ತೆ ಕಟ್ಟಲು ತಗಲುವ ಖರ್ಚು ಒಂದು ಕಡೆ, ತಾವು ಬರುವ ಮುಂಚೆ ಅದಕ್ಕಿದ್ದ ಮಾರುಕಟ್ಟೆ ಬೆಲೆ ಇನ್ನೊಂದು ಕಡೆ. ಎರಡರಲ್ಲಿ ಯಾವುದು ಕಡಿಮೆಯೋ ಅದು ಪರಿಹಾರಕ್ಕೆ ಆಧಾರ, ಅದರಲ್ಲಿ ವಿಮೆ ಇತ್ಯಾದಿ ಕಳೆಯಬೇಕು. ಮಾರ್ಗಸೂಚಿ ದರ ಎಂಬುದರ ಜೊತೆ ಏಗಿರುವ ಕನ್ನಡಿಗರಿಗೆ ಮುಂದಿನದನ್ನು ವಿವರಿಸಬೇಕಿಲ್ಲ. ಮೊಳೆ, ಮರ, ಹಂಚು, ಮೇಸ್ತ್ರಿಯ ಕೂಲಿ ಊರಿಗೆಲ್ಲ ಒಂದೇ. ಬಿಳಿಯರ ಬಡಾವಣೆಯ ಮನೆಗೆ ಬೆಲೆ ಹೆಚ್ಚು, ಕರಿಯರ ಬಡಾವಣೆಯ ಅಂಥದೇ ಮನೆಗೆ ಬೆಲೆ ಕಡಿಮೆ. ಲೋವರ್ ನೈನ್ತ್ ವಾರ್ಡಿನಲ್ಲಿ ಅಜ್ಜ ಕಟ್ಟಿಸಿ ಮಗನಿಗೆ, ಮಗ ಮೊಮ್ಮಗಳಿಗೆ ಬಾಯಿಮಾತಿನಲ್ಲಿ ಬಿಟ್ಟುಹೋದ ಮನೆಗಳು ಬೇಕಾದಷ್ಟಿದ್ದವು. ಅವರಲ್ಲಿ ಹಲವರಿಗೆ ತಮ್ಮ ಹೆಸರಿನಲ್ಲಿ ಖಾತೆಯೇ ಇರಲಿಲ್ಲ. ಮನೆ ಕಟ್ಟುವಷ್ಟು ಹಣ ಬರದವರು ಎಲ್ಲಿದ್ದರೋ ಅಲ್ಲೇ ಉಳಿದರು. ಈ ಲೆಕ್ಕದ ವಿರುದ್ಧ 2008ರಲ್ಲಿ ಹೂಡಿದ ದಾವೆ 2011ರಲ್ಲಿ 6.2 ಕೋಟಿ ಡಾಲರಿನ ರಾಜಿಯಲ್ಲಿ ಮುಗಿಯಿತು. ಆ ಹೊತ್ತಿಗೆ ಆರು ಮಳೆಗಾಲ ಕಳೆದು ನಿವೇಶನಗಳಲ್ಲಿ ಆಳೆತ್ತರ ಹುಲ್ಲು.

ಹಣ ಸಾಲದೆ ಬಿದ್ದ ಮನೆಗಳ ಮಾತಾಯಿತು. ಹಣ ಚೆಲ್ಲಿ ಬೀಳಿಸಿದವುಗಳ ಕಡೆಗೂ ತಮ್ಮ ಗಮನ ಸೆಳೆಯಬೇಕು. ಟ್ರೆಮೆಯ ಮಗ್ಗುಲಲ್ಲಿ ಲಫೀಟ್ ಎಂಬ ಸರ್ಕಾರಿ ವಸತಿಸಮುಚ್ಚಯವಿತ್ತು. 1941ರಲ್ಲಿ ನುರಿತ ಕೈಗಳು ಕಟ್ಟಿದ ಇಟ್ಟಿಗೆಯ ಗಟ್ಟಿ ಮನೆಗಳು, ಸುಮಾರು 900. ತಾವು ಅವನ್ನು ಹೆಚ್ಚೇನೂ ಮಾಡಲಿಲ್ಲ. ವಸತಿ ಇಲಾಖೆ ಬಾಗಿಲು ಕಿಟಕಿಗಳಿಗೆ ಲೋಹದ ತಗಡು ಹೊಡೆದು ಬಾಡಿಗೆದಾರರನ್ನು ಹೊರಗಿಟ್ಟಿತು. 2007ರ ಡಿಸೆಂಬರ್ 20ರಂದು ಲಫೀಟ್ ಸೇರಿ ನಾಲ್ಕು ಸಮುಚ್ಚಯಗಳ ಸುಮಾರು 4,500 ಮನೆಗಳನ್ನು ಕೆಡವಲು ನಗರಸಭೆ ಒಮ್ಮತದಿಂದ ಒಪ್ಪಿಗೆ ಕೊಟ್ಟಿತು. ಒಳಗೆ ಒಮ್ಮತವಿದ್ದಾಗ ಹೊರಗೆ ಗೇಟು ಹಿಡಿದ ಬಾಡಿಗೆದಾರರ ಕಣ್ಣಿಗೆ ಪೊಲೀಸರು ಖಾರದ ದ್ರಾವಣ ಸಿಂಪಡಿಸಿದರು. ವಸತಿಯ ಬರಗಾಲವಿರುವ ಊರಿನಲ್ಲಿ ಗಟ್ಟಿಯಾಗಿ ನಿಂತ ಮನೆಗಳನ್ನು ಕೆಡವುವುದಕ್ಕೆ ಪುನರ್ನಿರ್ಮಾಣವೆಂದು ಹೆಸರು.

ಮಿಡ್ ಸಿಟಿಯದು ಇನ್ನೂ ಸ್ವಾರಸ್ಯ. ಊರಿನ ಬಡವರ ಆಸ್ಪತ್ರೆ ಚಾರಿಟಿ. ಸಂಸ್ಥೆ 1736ರದು, ಕಟ್ಟಡ 1939ರದು. ನೆಲಮಾಳಿಗೆಗೆ ನೀರು ನುಗ್ಗಿ ಮುಚ್ಚಿದ ಅದು ಆಸ್ಪತ್ರೆಯಾಗಿ ಮತ್ತೆ ತೆರೆಯಲೇ ಇಲ್ಲ. ಕಟ್ಟಡದ ಮೈಕಟ್ಟು ಗಟ್ಟಿಯಿದೆ, ಒಳಗೆ ಆಧುನಿಕ ಆಸ್ಪತ್ರೆ ಮಾಡಬಹುದು ಎಂದು 2008ರಲ್ಲಿ ವಾಸ್ತುತಜ್ಞರು ವರದಿ ಕೊಟ್ಟರು. ಹಾಗೆ ಮಾಡಿದ್ದರೆ ಕೆಡವಲು ಏನೂ ಉಳಿಯುತ್ತಿರಲಿಲ್ಲ. ಆದ್ದರಿಂದ ಅದನ್ನು ಖಾಲಿ ಬಿಟ್ಟು, ಪಾರಂಪರಿಕ ಪಟ್ಟಿಯಲ್ಲಿದ್ದ ಮಿಡ್ ಸಿಟಿಯ ಸುಮಾರು 70 ಎಕರೆಯನ್ನು ಎರಡು ಹೊಸ ಆಸ್ಪತ್ರೆಗಳಿಗಾಗಿ ಸ್ವಾಧೀನಪಡಿಸಿಕೊಂಡರು. ಅಲ್ಲಿ ಕೆಲವರು ಅಷ್ಟರಲ್ಲಿ ಪರಿಹಾರದ ಹಣದಲ್ಲೇ ಮನೆ ರಿಪೇರಿ ಮಾಡಿಕೊಂಡು ವಾಪಸು ಬಂದಿದ್ದರು. ಸರ್ಕಾರದ ಒಂದು ಕೈ ಅವರನ್ನು ಕರೆತಂದಿತ್ತು, ಇನ್ನೊಂದು ಕೈ ಎಬ್ಬಿಸಿತು. ಪಾರಂಪರಿಕ ಮನೆಗಳ ಮೇಲಿನ ಪ್ರೀತಿಯಿಂದ ಕೆಲವನ್ನು ಚಕ್ರದ ಮೇಲೆ ಹೇರಿ ಬೇರೆ ಕಡೆ ಸಾಗಿಸಲಾಯಿತು. ದಾರಿಯ ವಿದ್ಯುತ್ ತಂತಿಗೆ ತಾಗುತ್ತವೆಂದು ಮೊದಲು ಅವುಗಳ ಸೂರನ್ನು ಕತ್ತರಿಸಿದರು. ತಾವು ಬಂದಾಗಲೂ ಹಾರಿಸಲಾಗದ ಸೂರುಗಳು ಅವು. ಚಾರಿಟಿಯ ಬದಲಿಗೆ ಬಂದ ಹೊಸ ಆಸ್ಪತ್ರೆ 2015ರಲ್ಲಿ, ತಾವು ಬಂದ ಹತ್ತು ವರ್ಷಕ್ಕೆ ತೆರೆಯಿತು. ಫುಟ್‌ಬಾಲ್ ಆಡುವ ಸೂಪರ್‌ಡೋಮ್ ಮಾತ್ರ ಹದಿಮೂರು ತಿಂಗಳಲ್ಲೇ ಸಿದ್ಧವಾಗಿತ್ತು. ಊರು ಮನಸ್ಸು ಮಾಡಿದರೆ ಎಷ್ಟು ಬೇಗ ಕಟ್ಟಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹೋಲಿ ಕ್ರಾಸ್ ಬಡಾವಣೆಗೆ ಆ ಹೆಸರು ಕೊಟ್ಟ ಶಾಲೆ ಹೋಲಿ ಕ್ರಾಸ್ ಬಿಟ್ಟಿತು. ಜೆಂಟಿಲಿಯಲ್ಲಿ ಅದಕ್ಕೆ ಹೊಸ ಜಾಗ ಸಿಕ್ಕಿತು. ಆ ಜಾಗದಲ್ಲಿ 1963ರ ಒಂದು ಚರ್ಚು, ಸೂಪರ್‌ಡೋಮ್ ರೂಪಿಸಿದ ಕರ್ಟಿಸ್ ಮತ್ತು ಡೇವಿಸ್ ಅವರದೇ ವಿನ್ಯಾಸ. 2007ರಲ್ಲಿ ಅದನ್ನು ಕೆಡವಿದರು. ಒಂದೇ ಕಡತದಿಂದ ಒಂದು ಬಡಾವಣೆಗೆ ಶಾಲೆಯಿಲ್ಲ, ಇನ್ನೊಂದಕ್ಕೆ ಚರ್ಚಿಲ್ಲ. ಇಷ್ಟಾದರೂ ಹೊಳೆಯ ಅಂಚಿನ ಹಳೆಯ ಮನೆಗಳು ನಿಂತಿವೆ. ಹಡಗಿನ ಕ್ಯಾಪ್ಟನ್ ಒಬ್ಬರ ಕುಟುಂಬ 1905ರಲ್ಲಿ ಮತ್ತು 1913ರಲ್ಲಿ ಕಟ್ಟಿಸಿದ, ಹಬೆಹಡಗಿನ ಆಕಾರದ ಎರಡು ಮನೆಗಳು ಇವತ್ತಿಗೂ ಅಲ್ಲಿವೆ.

ಅಲ್ಲಿಂದ ಒಳಕ್ಕೆ ಹೋದರೆ ಹಾಲಿವುಡ್ ನಟ ಬ್ರಾಡ್ ಪಿಟ್ 2007ರಲ್ಲಿ ಆರಂಭಿಸಿದ ಸಂಸ್ಥೆ ಕಟ್ಟಿಸಿದ ಮನೆಗಳು ಸಿಗುತ್ತವೆ. ಗುರಿ 150, ಕಟ್ಟಿದ್ದು 109. ಉದ್ದೇಶ ಒಳ್ಳೆಯದು, ವಿನ್ಯಾಸಕರು ಜಗದ್ವಿಖ್ಯಾತರು. ಕೆಲವು ಮನೆಗಳಿಗೆ ಚಪ್ಪಟೆ ಸೂರು, ಕೆಲವಕ್ಕೆ ಮಳೆ ತಡೆಯುವ ಚಾಚು ಸಾಲದು, ಮೆಟ್ಟಿಲು ಜಗಲಿಗಳಿಗೆ ಕೊಳೆಯುವುದಿಲ್ಲವೆಂದು ಮಾರಾಟವಾದ ಹೊಸ ಬಗೆಯ ಮರ. ಕೆಲವೇ ವರ್ಷಗಳಲ್ಲಿ ಅದು ಕೊಳೆಯಿತು, ಸೂರು ಸೋರಿತು, 2018ರಲ್ಲಿ ನಿವಾಸಿಗಳು ಕೋರ್ಟಿಗೆ ಹೋದರು. ನೂರು ವರ್ಷದ ಸೈಪ್ರೆಸ್ ಹಲಗೆ ವಾರಗಟ್ಟಲೆ ನೆನೆದೂ ಉಳಿದ ಊರಿನಲ್ಲಿ, ಹತ್ತು ವರ್ಷದ ಮನೆಗೆ ಬರಿಯ ಮಾಮೂಲಿ ಮಳೆ ಸಾಕಾಯಿತು. ಆ ಮಳೆಗೂ ತಮಗೂ ಯಾವ ಸಂಬಂಧವೂ ಇಲ್ಲವೆಂದು ದೃಢೀಕರಿಸಲಾಗಿದೆ.

ಇನ್ನು ಟ್ರೆಮೆ. ಗುಲಾಮಗಿರಿಯ ಕಾಲದಲ್ಲೇ ಸ್ವತಂತ್ರ ಕರಿಯರು ಮನೆ ಕೊಂಡು ಬಾಳಿದ ಬಡಾವಣೆ. ಅಲ್ಲಿನ ಸೇಂಟ್ ಆಗಸ್ಟೀನ್ ಚರ್ಚಿನಲ್ಲಿ 1840ರ ದಶಕದಲ್ಲಿ ಅವರು ತಮಗಷ್ಟೇ ಅಲ್ಲದೆ ಗುಲಾಮರಿಗೂ ಆಸನಗಳನ್ನು ಕೊಂಡುಕೊಟ್ಟರು. ತಾವು ಬರುವ ನಾಲ್ಕು ದಶಕ ಮುಂಚೆ ಇಲ್ಲಿಗೊಂದು ಕಾಂಕ್ರೀಟಿನ ಚಂಡಮಾರುತ ಬಂದಿತ್ತು. ಫ್ರೆಂಚ್ ಕ್ವಾರ್ಟರಿನ ಹೊಳೆದಂಡೆಗೆ ಯೋಜಿಸಿದ್ದ ಎತ್ತರಿಸಿದ ಹೆದ್ದಾರಿಯನ್ನು ಪಾರಂಪರ್ಯದ ಹೆಸರಿನಲ್ಲಿ ಜನ ಹೋರಾಡಿ 1969ರಲ್ಲಿ ನಿಲ್ಲಿಸಿದರು. ಟ್ರೆಮೆಯ ಕ್ಲೇಬೋರ್ನ್ ಅವೆನ್ಯೂದಲ್ಲಿ 1966ರಲ್ಲೇ ಓಕ್ ಮರಗಳನ್ನು ಕಡಿದು ಹೆದ್ದಾರಿಯನ್ನು ಏರಿಸಿಯೇಬಿಟ್ಟರು. ಎರಡೂ ಹಳೆಯ ಬಡಾವಣೆಗಳೇ. ಒಂದರ ಹಳತನಕ್ಕೆ 1930ರ ದಶಕದಿಂದ ಕಾವಲು ಸಮಿತಿಯಿತ್ತು, ಇನ್ನೊಂದರದಕ್ಕೆ ಇರಲಿಲ್ಲ.

ತಾವು ಹೋದ ಮೇಲೆ, 2006ರ ಮಾರ್ಚಿನಲ್ಲಿ ಚರ್ಚಿನ ಆಡಳಿತದವರು ಸೇಂಟ್ ಆಗಸ್ಟೀನ್ ಧರ್ಮಕೇಂದ್ರವನ್ನು ಮುಚ್ಚಿದರು. ಜನ ಪಟ್ಟು ಹಿಡಿದು ಕೂತ ಮೇಲೆ ಏಪ್ರಿಲ್‌ನಲ್ಲಿ ಷರತ್ತಿನ ಮೇಲೆ ತೆರೆದರು. 2007ರ ಅಕ್ಟೋಬರಿನಲ್ಲಿ ತೀರಿಹೋದ ಸಂಗೀತಗಾರನಿಗಾಗಿ ಬೀದಿಯಲ್ಲಿ ಹಿತ್ತಾಳೆ ವಾದ್ಯ ನುಡಿಸುತ್ತ ಹೊರಟವರಲ್ಲಿ ಇಬ್ಬರನ್ನು ಪೊಲೀಸರು ಬಂಧಿಸಿದರು, ಪರವಾನಗಿ ಇಲ್ಲದ ಮೆರವಣಿಗೆ ಎಂದು. ಅದೇ ಮೆರವಣಿಗೆಗಳನ್ನು ತೋರಿಸುವ ‘ಟ್ರೆಮೆ’ ಎಂಬ ಟೀವಿ ಧಾರಾವಾಹಿ 2010ರಿಂದ ಪ್ರಸಾರವಾಯಿತು. ಅದಕ್ಕೆ ಪರವಾನಗಿಯ ತೊಂದರೆ ಬಂದಂತಿಲ್ಲ. ಧಾರಾವಾಹಿ ನೋಡಿದವರು ಊರು ನೋಡಲು ಬಂದರು, ಬಂದವರಿಗೆ ತಂಗಲು ಮನೆ ಬೇಕಾಯಿತು. ಎತ್ತರದಲ್ಲಿದ್ದು ನೀರು ಕಾಣದ, ಅಥವಾ ನೀರು ಕಂಡೂ ಒಣಗಿ ನಿಂತ ಶಾಟ್‌ಗನ್ ಮನೆಗಳು ಟ್ರೆಮೆ, ಮೆರಿನಿ, ಬೈವಾಟರ್‌ಗಳಲ್ಲಿ ದಿನಬಾಡಿಗೆಗೆ ಸಿಗತೊಡಗಿದವು. 2016ರಲ್ಲಿ ನಗರಸಭೆ ಅದನ್ನು ಸಕ್ರಮ ಮಾಡಿತು, 2019ರಲ್ಲಿ ಬಿಗಿ ಮಾಡಿತು, 2022ರಲ್ಲಿ ಮೇಲಿನ ನ್ಯಾಯಾಲಯ ಆ ಬಿಗಿಯ ಒಂದು ಮುಖ್ಯ ಷರತ್ತನ್ನು ರದ್ದು ಮಾಡಿತು. ಮನೆ ಅದೇ, ಜಗಲಿ ಅದೇ, ಕಿಟಕಿಯ ಹಸಿರು ಬಣ್ಣವೂ ಅದೇ. ಜಗಲಿಯಲ್ಲಿ ಕೂತು ತುತ್ತೂರಿ ಕಲಿಯುತ್ತಿದ್ದ ಹುಡುಗನ ಮನೆಯವರಿಗೆ ಆ ಬಾಡಿಗೆ ನಿಲುಕುವುದಿಲ್ಲ. ಕೆಲವು ಮನೆಗಳ ಮುಂದೆ, ನೆರೆಯ ಸಮಯದಲ್ಲಿ ಶೋಧಕಾರರು ಸ್ಪ್ರೇ ಬಣ್ಣದಲ್ಲಿ ಬರೆದ ಗುಣಿಸು ಚಿಹ್ನೆಯನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ. ಕಬ್ಬಿಣದಲ್ಲಿ ಮಾಡಿಸಿ ತೂಗುಹಾಕಿದವರೂ ಉಂಟು. ಒಳಗೆ ಎಷ್ಟು ಜನ ಸಿಕ್ಕರೆಂದೂ ಬರೆಯುವ ಚಿಹ್ನೆ ಅದು. ಈಗಿನ ಲೆಕ್ಕ ಬರೆದರೆ ವಾರಾಂತ್ಯದಲ್ಲಿ ಆರು, ಸೋಮವಾರ ಸೊನ್ನೆ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬಂತೆ, ಸುಮಾರು 1,450 ಕೋಟಿ ಡಾಲರ್ ಸುರಿದು ಏರಿ, ಗೇಟು, ಪಂಪುಗಳನ್ನು ಹೊಸದಾಗಿ ಕಟ್ಟಿದ್ದಾರೆ. ತಮ್ಮ ತಂಗಿ ಐಡಾ 2021ರಲ್ಲಿ ಬಂದದ್ದು ತಮ್ಮದೇ ತಾರೀಖಿಗೆ, ಆಗಸ್ಟ್ 29ಕ್ಕೆ. ಈ ಸಲ ಏರಿ ನಿಂತಿತು. ಬಿದ್ದದ್ದು ಸೌತ್ ರಾಂಪಾರ್ಟ್ ಬೀದಿಯ ಕಾರ್ನೋಫ್ಸ್ಕಿ ದರ್ಜಿಯಂಗಡಿಯ ಕಟ್ಟಡ. ಜಾಝ್ ಸಂಗೀತಗಾರ ಲೂಯಿ ಆರ್ಮ್‌ಸ್ಟ್ರಾಂಗ್ ಹುಡುಗನಾಗಿದ್ದಾಗ ಅವನಿಗೆ ಕೆಲಸವನ್ನೂ ಊಟವನ್ನೂ ಕೊಟ್ಟ ಯಹೂದಿ ಕುಟುಂಬದ ಅಂಗಡಿ. ರಾಷ್ಟ್ರೀಯ ಪಾರಂಪರಿಕ ಪಟ್ಟಿಯಲ್ಲಿ ಅದರ ಹೆಸರಿತ್ತು. ವರ್ಷಗಟ್ಟಲೆ ಖಾಲಿ ಬಿದ್ದು, ರಿಪೇರಿ ಕಾಣದೆ, ಪಟ್ಟಿಯಲ್ಲಿ ಹೆಸರಿದ್ದುಕೊಂಡೇ ಅದು ಇಟ್ಟಿಗೆಯ ರಾಶಿಯಾಯಿತು. ಪತ್ರಿಕೆಗಳು ಐಡಾ ಕೆಡವಿತು ಎಂದು ಬರೆದವು. ಇನ್ನೊಬ್ಬ ನಿರಪರಾಧಿಯ ಮೇಲೆ ಹೊಸ ಕಡತ ತೆರೆದ ಹಾಗಾಯಿತು.

ಎಲ್ಲವನ್ನೂ ಪರಿಶೀಲಿಸಿ ಈ ಕೆಳಕಂಡಂತೆ ತೀರ್ಮಾನಿಸಲಾಗಿದೆ. ನ್ಯೂ ಓರ್ಲಿಯನ್ಸ್‌ನ ಹಳೆಯ ಬಡಾವಣೆಗಳಲ್ಲಿ ಹೊಳೆದಂಡೆಯ ದಿಬ್ಬದ ಮೇಲಿದ್ದವನ್ನು, ಒಂದಿಷ್ಟು ಹಂಚು ಬಾಲ್ಕನಿ ಬಿಟ್ಟರೆ, ತಾವು ಮುಟ್ಟಲಿಲ್ಲ. ತಗ್ಗಿನಲ್ಲಿದ್ದವನ್ನು ಮುಳುಗಿಸಿದ್ದು ಒಡೆದ ಏರಿ. ನೀರು ತಾಳಿಕೊಂಡು ನಿಂತ ಮನೆಗಳಲ್ಲಿ ಎಷ್ಟೋ ಮನೆಗಳನ್ನು ತೆಗೆದದ್ದು ಪಟ್ಟಿ, ಸೂತ್ರ, ಸ್ವಾಧೀನದ ಆದೇಶ. ಆಮೇಲೂ ಉಳಿದವುಗಳಿಂದ ಮನೆಯವರನ್ನು ತೆಗೆದದ್ದು ಬಾಡಿಗೆ. 2000ದಲ್ಲಿ ನಗರದ ಜನಸಂಖ್ಯೆ 4,84,674. 2010ರಲ್ಲಿ 3,43,829, ಕಡಿಮೆಯಾದವರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಕರಿಯರು. ಹೋಲಿ ಕ್ರಾಸ್ ಬಿಟ್ಟು ಉಳಿದ ಲೋವರ್ ನೈನ್ತ್ ವಾರ್ಡಿನಲ್ಲಿ 14,008 ಇದ್ದವರು 2,842 ಆದರು. ಐದು ವರ್ಷ ಒಂದೇ ಕಡೆ ಬೀಸುವ ಚಂಡಮಾರುತ ಇಲ್ಲ. ಆದಕಾರಣ ತಮ್ಮನ್ನು ಆರೋಪದಿಂದ ಕೈಬಿಡಲಾಗಿದೆ. ನಿವೃತ್ತಿಯನ್ನು ರದ್ದುಪಡಿಸುವ ಪ್ರಶ್ನೆ ಮಾತ್ರ ಉದ್ಭವಿಸುವುದಿಲ್ಲ, ದಯವಿಟ್ಟು ಆ ಬಗ್ಗೆ ಅರ್ಜಿ ಹಾಕಬೇಡಿ.

ಇಂತಿ ತಮ್ಮ ವಿಶ್ವಾಸಿ,
ಕಡತ ಓದಿದ ಒಬ್ಬ ಕನ್ನಡಿಗ

ಪ್ರತಿಗಳು:
1. ಶ್ರೀಮತಿ ಕಟಿಯಾ ಅವರಿಗೆ, ಮಾಹಿತಿಗಾಗಿ. ತಾವು ಏನೂ ಮಾಡದಿದ್ದರೂ ಹೆಸರು ತಮ್ಮದೇ ಬರುತ್ತದೆ, ಸಿದ್ಧರಿರಿ.
2. ಚುಕ್ಕಿ ಇಡುವವರಿಗೆ, ಮುಂದಿನ ಸಲ ಚುಕ್ಕಿಯ ಕೆಳಗಿರುವವರನ್ನು ಮೊದಲು ಕೇಳುವ ಸಲುವಾಗಿ.
3. ಓದುಗರಿಗೆ, ಸೂಕ್ತ ಕ್ರಮಕ್ಕಾಗಿ. ಯಾವ ಊರಿನಲ್ಲೇ ಆಗಲಿ, ನೆರೆ ಇಳಿದ ಮೇಲೆ ಕ್ಯಾಮೆರಾಗಳು ಹೊರಟುಹೋಗುತ್ತವೆ. ಆಗ ಮೂರು ಕಾಗದ ಕೇಳಿ ಪಡೆದು ಓದಿ: ಕೆಡವುವ ಮನೆಗಳ ಪಟ್ಟಿ, ಪರಿಹಾರ ಲೆಕ್ಕ ಹಾಕಿದ ಸೂತ್ರ, ಜಾಗ ವಹಿಸಿಕೊಂಡವರ ಹೆಸರು.